ಒದ್ದೆ ಫೋನನ್ನು ಅಕ್ಕಿ ಡಬ್ಬಕ್ಕೆ ಮಾತ್ರ ಹಾಕಬೇಡಿ

ಜೂನ್ ಬಂತೆಂದರೆ ನನ್ನ ಮೇಜಿನ ಮೇಲೆ ಸತ್ತ ಫೋನುಗಳ ಸಾಲು. ವಿರಾಜಪೇಟೆಯಲ್ಲಿ ರಿಪೇರಿಗೆ ಕೂತು 16 ವರ್ಷವಾಯಿತು, ಒಂದು ಮಳೆಗಾಲವೂ ಖಾಲಿ ಹೋಗಿಲ್ಲ. ಈ ಸಲ ಬಂದ ಪತ್ರಗಳಲ್ಲೂ ಅದೇ ಗೋಳು.

ಪ್ರಶ್ನೆ: ಫೋನಿನ ಬಾಕ್ಸ್ ಮೇಲೆ ಐಪಿ68, ಅಂದರೆ ನೀರು-ದೂಳು ತಡೆಯುವ ಗುರುತು, ಬರೆದಿತ್ತು. ಆ ಧೈರ್ಯದಲ್ಲೇ ಮಳೆಯಲ್ಲೂ ಫೋನನ್ನು ತೋಟಕ್ಕೆ ಒಯ್ಯುತ್ತಿದ್ದೆ. ಈಗ ಚಾರ್ಜ್ ಆಗುತ್ತಿಲ್ಲ. ನೀರು ತಾಗಿದೆ, ವಾರಂಟಿ ಸಿಗಲ್ಲ ಅಂದರು. ಇದು ಮೋಸ ಅಲ್ವಾ ಅಣ್ಣಾ?
(ತೋಟದವರೊಬ್ಬರು, ಅಮ್ಮತ್ತಿ)

ಉತ್ತರ: ಅರ್ಧ ಮೋಸ ಅಂತಲೇ ನಾನೂ ಹೇಳುವುದು. ಜಾಹೀರಾತಿನಲ್ಲಿ ಫೋನ್ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿಯುತ್ತಾರೆ. ವಾರಂಟಿ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ನೀರು ಹೋದರೆ ನಾವು ಜವಾಬ್ದಾರರಲ್ಲ ಅನ್ನುತ್ತಾರೆ. ಇನ್ನರ್ಧ ಆ ಅಂಕಿಯನ್ನು ನಾವು ಓದುವ ರೀತಿಯದ್ದು. 6 ಅಂದರೆ ದೂಳು ಒಳಗೆ ಹೋಗುವುದಿಲ್ಲ. 8 ಅಂದರೆ ಕಂಪನಿ ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ಮುಳುಗಿದರೂ ತಡೆಯುತ್ತದೆ. ಆ ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಸಿಹಿನೀರಿನಲ್ಲಿ. ನಿಮ್ಮದು ನಾಲ್ಕು ಸಲ ಬಿದ್ದೆದ್ದು, ಒಮ್ಮೆ ಡಿಸ್‌ಪ್ಲೇ ಬದಲಾಗಿದ್ದರೆ ಒಳಗಿನ ಗಮ್ ಮೊದಲಿನ ಹಾಗೆ ಹಿಡಿದಿರುವುದಿಲ್ಲ.

ಆದರೂ ನಿಮ್ಮ ಫೋನಿನ ಹೊಟ್ಟೆಗೆ ನೀರು ಹೋಗಿಲ್ಲ, ಬಾಯಲ್ಲೇ ಕೆಟ್ಟಿದೆ ಅಂತ ನನ್ನ ಅನುಮಾನ. ಸೀಲ್ ಇರುವುದು ಚಾರ್ಜರ್ ಚುಚ್ಚುವ ಪೋರ್ಟಿನ ಹಿಂದೆ. ಪೋರ್ಟಿನ ಬಾಯಿ ಯಾವಾಗಲೂ ತೆರೆದೇ ಇರುತ್ತದೆ. ಟೈಪ್-ಸಿ ಪೋರ್ಟನ್ನು ಟಾರ್ಚ್ ಹಾಕಿ ನೋಡಿ, ನಡುವೆ ಒಂದು ತೆಳ್ಳಗಿನ ನಾಲಿಗೆ ಕಾಣುತ್ತದೆ. ಲೆಕ್ಕದ ಪ್ರಕಾರ ಅದರ ಮೇಲೆ 12, ಕೆಳಗೆ 12 ಪಿನ್. ಪಿನ್ನಿನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್. ಆ ಸಂದಿಯಲ್ಲಿ ಒಂದು ಹನಿ ಕೂತಿರುವಾಗ ಚಾರ್ಜರ್ ಚುಚ್ಚಿದಿರೋ, ಕರೆಂಟ್ ನೀರು ಹಿಡಿದು ಪಕ್ಕದ ಪಿನ್ನಿಗೆ ದಾಟುತ್ತದೆ, ಲೋಹ ಸವೆಯುತ್ತದೆ. ಹೋದ ವಾರ ಇಂಥದ್ದೊಂದನ್ನು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಉಳಿದವೆಲ್ಲ ಹೊಳೆಯುತ್ತಿದ್ದವು. ಒಂದೇ ಒಂದು ಪಿನ್ ಕಪ್ಪಗೆ, ಅದರ ಬುಡದಲ್ಲಿ ಹುಳಿ ಹಾಕಿಟ್ಟ ಹಿತ್ತಾಳೆ ಪಾತ್ರೆಯ ಕಿಲುಬಿನಂಥ ಹಸಿರು. ಆ ಫೋನಿಗೆ ಅಷ್ಟೇ ಸಾಕಾಗಿತ್ತು.

ಇನ್ನು ಮೇಲೆ ಪೋರ್ಟ್ ಒದ್ದೆ ಅಂತ ಫೋನೇ ಎಚ್ಚರಿಸಿದರೆ ಅದರ ಮಾತು ಕೇಳಿ. ಬಾಯಿ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಮುಂದೆ ಇಡಿ. ಜುಲೈ ತಿಂಗಳ ನಮ್ಮ ಗಾಳಿಗೆ ಅಂಗಿಯೇ ಒಣಗಲ್ಲ, ಫೋನ್ ಸುಮ್ನೆ ಇಟ್ಟರೆ ಒಣಗುತ್ತದಾ? ಹಾಗಂತ ಒಲೆ ಹತ್ತಿರ ಬೇಡ. ನಮ್ಮಮ್ಮ ಒಮ್ಮೆ ನನ್ನ ಫೋನನ್ನು ಒಲೆ ದಂಡೆ ಮೇಲೆ, ಒದ್ದೆ ಸಾಕ್ಸ್ ಪಕ್ಕ ಒಣಗಲು ಇಟ್ಟಿದ್ದರು. ಸಾಕ್ಸ್ ಒಣಗಿತು. ಫೋನಿನ ಬ್ಯಾಕ್ ಪ್ಯಾನೆಲ್ ಗಮ್ ಬಿಟ್ಟು ಎದ್ದು ನಿಂತಿತ್ತು.

ನೀರು ಹೀರಲಿ ಅಂತ ಅಕ್ಕಿಯಲ್ಲಿ ಇಡುವುದಂತೂ ಬೇಡವೇ ಬೇಡ. ಆಪಲ್ ಕಂಪನಿಯೇ ಅಕ್ಕಿಯಲ್ಲಿ ಇಡಬೇಡಿ, ಅದರ ಚೂರು ಸೇರಿ ಫೋನ್ ಹಾಳಾದೀತು ಎಂದು ಹೇಳಿದೆ. ಒಬ್ಬರು ಕಡಂಬುಟ್ಟಿಗೆ, ಅಂದರೆ ನಮ್ಮ ಕಡೆಯ ಅಕ್ಕಿ ತರಿ ಕಡುಬಿಗೆ, ಒಡೆಸಿಟ್ಟ ತರಿಯಲ್ಲೇ ಫೋನನ್ನು ಇಡೀ ರಾತ್ರಿ ಹೂತಿಟ್ಟು ತಂದಿದ್ದರು. ಕಡ್ಡಿ ಹಿಡಿದು ಒಂದೊಂದೇ ತರಿ ಹೊರಗೆ ತೆಗೆಯುವಷ್ಟರಲ್ಲಿ ನನಗೇ ಹಸಿವಾಯಿತು.

ನಿಮ್ಮ ಫೋನಿನ ಪೋರ್ಟ್ ಬೇರೆ ಚಿಕ್ಕ ಬೋರ್ಡಿನ ಮೇಲಿದ್ದರೆ ನೀವು ಬಚಾವ್. ಸಿಸಿ ಬೋರ್ಡ್ ಅನ್ನುತ್ತೇವೆ, ಅದೊಂದನ್ನು ಬದಲಿಸಿದರೆ ಮುಗಿಯಿತು. ಮದರ್‌ಬೋರ್ಡಿಗೇ ಬೆಸೆದಿದ್ದರೆ ಕೆಲಸವೂ ಜಾಸ್ತಿ, ದುಡ್ಡೂ ಜಾಸ್ತಿ. ಕೊಳ್ಳುವಾಗ ಇದನ್ನು ಯಾರೂ ವಿಚಾರಿಸುವುದಿಲ್ಲ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಮಾತ್ರ ಕೇಳುತ್ತಾರೆ.

ಪ್ರಶ್ನೆ: ಹಿಂಬದಿ ಗಾಜಿನದ್ದು ತೆಗೆದುಕೊಳ್ಳಲಾ, ಪ್ಲಾಸ್ಟಿಕ್‌ನದ್ದಾ? ಅಪ್ಪ ಟೈಟಾನಿಯಂ ಗಟ್ಟಿ ಅನ್ನುತ್ತಾರೆ.
(ಕಾಲೇಜು ವಿದ್ಯಾರ್ಥಿನಿ, ಗೋಣಿಕೊಪ್ಪ)

ಉತ್ತರ: ನಿಮ್ಮಪ್ಪ ಹೇಳಿದ್ದು ಸುಳ್ಳಲ್ಲ ತಂಗಿ. ಆದರೆ ಫೋನಿನಲ್ಲಿ ಟೈಟಾನಿಯಂ ಇರುವುದು ಸುತ್ತಲಿನ ಚೌಕಟ್ಟಿಗೆ. ಒಡೆಯುವುದು ಗಾಜು, ಅದು ಮುಂದೆಯೂ ಇದೆ ಹಿಂದೆಯೂ ಇದೆ. ಐಫೋನ್ 15 ಪ್ರೋಗೆ 2023ರಲ್ಲಿ ಟೈಟಾನಿಯಂ ಬಂತು, 2025ರ 17 ಪ್ರೋದಲ್ಲಿ ಮತ್ತೆ ಅಲ್ಯೂಮಿನಿಯಂಗೇ ಮರಳಿದರು. ಬಿಸಿಯನ್ನು ಬೇಗ ಹೊರಗೆ ಹಾಕುವುದರಲ್ಲಿ ಅಲ್ಯೂಮಿನಿಯಂ ಮುಂದು.

ಹಿಂದೆ ಗಾಜು ಇಡುವುದು ಬರೀ ಚಂದಕ್ಕಲ್ಲ. ವೈರ್‌ಲೆಸ್ ಚಾರ್ಜಿಂಗ್ ಲೋಹದ ತಗಡನ್ನು ದಾಟುವುದಿಲ್ಲ, ಗಾಜನ್ನೂ ಪ್ಲಾಸ್ಟಿಕ್ಕನ್ನೂ ದಾಟುತ್ತದೆ. ನಿಮಗೆ ಆ ಸೌಲಭ್ಯ ಬೇಡವಾದರೆ ಗಾಜಿಗೆ ಯಾಕೆ ದುಡ್ಡು? ಪ್ಲಾಸ್ಟಿಕ್ ಬಿದ್ದರೆ ಸ್ವಲ್ಪ ಬಾಗಿ ಪೆಟ್ಟು ನುಂಗುತ್ತದೆ. ಗೀರು ಬೀಳುತ್ತದೆ, ಬೀಳಲಿ. ಹೇಗೂ ಪೌಚ್ ಹಾಕುತ್ತೀರಿ, ಒಳಗೆ ಗಾಜಿದೆಯೋ ಚಿನ್ನವಿದೆಯೋ ಯಾರಿಗೆ ಗೊತ್ತು? ನನ್ನ ಜೇಬಿನಲ್ಲಿ ಇರುವುದು ಪ್ಲಾಸ್ಟಿಕ್ಕೇ. ಸ್ಕ್ರೀನಿಗೆ ಮಾತ್ರ ಟೆಂಪರ್ಡ್ ಗ್ಲಾಸ್ ಹಾಕಿಸಿ. ಕೀ ಗೊಂಚಲಿಗಿಂತ ಮರಳು ಕೆಟ್ಟದ್ದು. ಮರಳಿನ ಕಣ ಫೋನಿನ ಗಾಜಿಗಿಂತ ಗಟ್ಟಿ.

ಪ್ರಶ್ನೆ: ಇಯರ್‌ಫೋನ್ ತೂತು ಮುಚ್ಚಿದ್ದು ನೀರು ಹೋಗಬಾರದು ಅಂತಲೇ?
(ಬಸ್ಸಿನಲ್ಲಿ ದಿನವೂ ಓಡಾಡುವವರು, ಕುಶಾಲನಗರ)

ಉತ್ತರ: ಅದು ನೆಪ. ಐಫೋನ್ 7ರಿಂದ ಆ ತೂತನ್ನು 2016ರಲ್ಲಿ ತೆಗೆದರು. ಅದೇ ವರ್ಷ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7ಗೆ ತೂತೂ ಇತ್ತು, ಐಪಿ68 ಕೂಡ ಇತ್ತು. ಒಳಗೆ ಜಾಗ ಉಳಿಯುತ್ತದೆ ಅನ್ನುವುದು ನಿಜ. ಜೊತೆಗೆ ಬ್ಲೂಟೂತ್ ಇಯರ್‌ಬಡ್ ಮಾರಾಟವಾಗುತ್ತದೆ, ಅದೂ ನಿಜ. ನನ್ನ ತಕರಾರು ಬೇರೆ. ಈಗ ವೈರಿನ ಇಯರ್‌ಫೋನನ್ನೂ ಟೈಪ್-ಸಿಗೇ ಚುಚ್ಚಬೇಕು. ಇದ್ದೊಂದು ಬಾಯಿಗೆ ಎರಡು ಕೆಲಸ. ಬಸ್ಸಿನಲ್ಲಿ ವೈರ್ ಎಳೆದಾಡಿ ಪೋರ್ಟಿನ ನಾಲಿಗೆ ಅಲ್ಲಾಡಿಸಿಕೊಂಡು ಬರುವವರು ಹೆಚ್ಚಾಗಿದ್ದಾರೆ.

ಪ್ರಶ್ನೆ: ಪೋರ್ಟಿಗೆ ರಬ್ಬರ್ ಮುಚ್ಚಳ ಹಾಕಬಹುದಾ?
(ಓದುಗರು, ಭಾಗಮಂಡಲ)

ಉತ್ತರ: ಹಾಕಿ, ಆದರೆ ಪೋರ್ಟ್ ಪೂರ್ತಿ ಒಣಗಿದ ಮೇಲೆ. ಒದ್ದೆಯಲ್ಲೇ ಮುಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ. ಕಾಫಿ ಕೊಯ್ಲಿನ ಸಮಯದಲ್ಲಿ ಕಣದ ದೂಳಿಗೂ ಒಳ್ಳೆಯದು. ಒಂದರ ಬದಲು ನಾಲ್ಕು ಕೊಂಡಿಟ್ಟುಕೊಳ್ಳಿ. ನನ್ನದು ಮೂರು ಈಗಾಗಲೇ ಕಳೆದಿದೆ.