ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ: ಹಳೇ ಕಾರಿನ ಎಸಿ ಪ್ರಶ್ನೋತ್ತರ

ಬೇಸಿಗೆ ಶುರುವಾಗುತ್ತಿದ್ದಂತೆ ಹಳೇ ಕಾರಿನ ಎಸಿ ಬಗ್ಗೆ ಪತ್ರಗಳು ಬರತೊಡಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ನನ್ನದು 1990ರ ದಶಕದ ಕಾಂಟೆಸ್ಸಾ. ಎಸಿ ಕಾರಿನ ಜೊತೆ ಬಂದದ್ದೇ, ಆರ್-12 ಗ್ಯಾಸಿನದು. ಪ್ರತಿ ಮಾರ್ಚ್‌ನಲ್ಲಿ ಗ್ಯಾಸ್ ತುಂಬಿಸುತ್ತೇನೆ, ಮೇ ಮುಗಿಯುವಷ್ಟರಲ್ಲಿ ಬಿಸಿಗಾಳಿ. ಮೆಕ್ಯಾನಿಕ್ ಪೂರ್ತಿ ಕಿಟ್ ತೆಗೆದು ಹೊಸದು ಹಾಕಿಸಿ ಎನ್ನುತ್ತಾರೆ. ಹಳೆಯದನ್ನೇ ಉಳಿಸಿಕೊಳ್ಳಲು ಆಗುವುದಿಲ್ಲವೇ?
ವಿದ್ಯಾನಗರ, ದಾವಣಗೆರೆ

ಆಗುತ್ತದೆ. ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಎರಡು-ಮೂರು ತಿಂಗಳಲ್ಲಿ ಹೋಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಆ ಜಾಗ ಹುಡುಕದೆ ಪ್ರತಿ ವರ್ಷ ತುಂಬಿಸಿದರೆ ದುಡ್ಡಿನ ಜೊತೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರನ್ನೂ ಕಳೆದುಕೊಳ್ಳುತ್ತೀರಿ, ಏಕೆಂದರೆ ಗ್ಯಾಸಿನೊಂದಿಗೆ ಆಯಿಲ್ ಕೂಡ ಹೊರಹೋಗುತ್ತಿರುತ್ತದೆ.

ಮೊದಲು ಕಣ್ಣಿಗೇ ಕೆಲಸ ಕೊಡಿ. ಸೋರುವ ಜಾಗದಲ್ಲಿ ಆಯಿಲ್ ಜಿನುಗಿ ಅದರ ಮೇಲೆ ಧೂಳು ಕೂತು ಕಪ್ಪಗೆ ಮೆತ್ತಿಕೊಂಡಿರುತ್ತದೆ. ಬಾನೆಟ್ ಎತ್ತಿ ಅದರ ಒಳಮೈ ನೋಡಿ. ಕಂಪ್ರೆಸರ್ ಕ್ಲಚ್ಚಿನ (ಕಂಪ್ರೆಸರನ್ನು ಎಂಜಿನ್ ಬೆಲ್ಟಿಗೆ ಜೋಡಿಸಿ ಬಿಡಿಸುವ ಭಾಗ) ನೇರಕ್ಕೆ ಅಂಟು ಧೂಳಿನ ಒಂದು ಗೆರೆ ಎಳೆದಂತೆ ಕಂಡರೆ ಶಾಫ್ಟ್ ಸೀಲ್, ಅಂದರೆ ಕಂಪ್ರೆಸರಿನ ತಿರುಗುವ ದಂಡದ ಸುತ್ತಲಿನ ಸೀಲ್, ಹೋಗಿದೆ ಎಂದೇ ಲೆಕ್ಕ. ತಿರುಗುವ ಕ್ಲಚ್ ಆಯಿಲನ್ನು ಸುತ್ತಲೂ ಎರಚಿ ಆ ಗೆರೆ ಬರೆದಿರುತ್ತದೆ. ಓಡಿಸದೆ ನಿಲ್ಲಿಸಿಟ್ಟ ಕಾರುಗಳಲ್ಲಿ ಮೊದಲು ಹೋಗುವುದು ಇದೇ ಸೀಲ್. ನಂತರದ ಸರದಿ ರಬ್ಬರ್ ಪೈಪನ್ನು ಲೋಹದ ತುದಿಗೆ ಒತ್ತಿ ಕೂರಿಸಿದ ಜಾಗ, ಜಾಯಿಂಟುಗಳ ರಬ್ಬರ್ ಬಳೆ (ಓ-ರಿಂಗ್), ಗ್ಯಾಸ್ ತುಂಬಿಸುವ ವಾಲ್ವಿನ ಪಿನ್ನು.

ಕಣ್ಣಿಗೆ ಕಾಣದಿದ್ದರೆ ಒಣ ನೈಟ್ರೋಜನ್ನನ್ನು ರೆಗ್ಯುಲೇಟರ್ ಮೂಲಕ 150 ಪಿಎಸ್‌ಐವರೆಗೆ ತುಂಬಿಸಿ ಪ್ರತಿ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ. ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗ್ ಶಾಪಿನ ಆಕ್ಸಿಜನ್ ಸಿಲಿಂಡರ್ ಮುಟ್ಟಲೇಬೇಡಿ. ಒತ್ತಡದ ಆಕ್ಸಿಜನ್ನಿಗೆ ಕಂಪ್ರೆಸರ್ ಆಯಿಲ್ ಸೇರಿದರೆ ಸಿಡಿಯುತ್ತದೆ. ಟೈರಿಗೆ ತುಂಬುವ ಏರ್ ಕಂಪ್ರೆಸರಿನ ಗಾಳಿಯೂ ಬೇಡ, ಅದರಲ್ಲಿ ತೇವ ಇರುತ್ತದೆ.

ಇನ್ನು ಗ್ಯಾಸಿನ ವಿಚಾರ. ಆರ್-12 ಓಝೋನ್ ಪದರ ಕೆಡಿಸುವ ಸಿಎಫ್‌ಸಿ. 1987ರ ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ನಮ್ಮಲ್ಲೂ ಇದನ್ನು ಕೈಬಿಡಲಾಯಿತು. ಈಗ ಆರ್-12 ಎಂದು ಯಾರಾದರೂ ಸಿಲಿಂಡರ್ ತಂದರೆ ಅದರೊಳಗೆ ಏನಿದೆ ಎಂಬ ಖಾತ್ರಿ ಇಲ್ಲ. ಹಾಗಾಗಿ ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಬದಲಾಯಿಸಿ ಎನ್ನುವುದೇ ನಮ್ಮ ಸಲಹೆ. ಕಂಪ್ರೆಸರ್, ಒಳಗಿನ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್, ಡ್ಯಾಶ್‌ಬೋರ್ಡಿನ ನಾಬುಗಳು ಹಾಗೇ ಇದ್ದರೆ ಎಸಿ ಒರಿಜಿನಲ್ಲೇ. ಒಳಗಿನ ಗ್ಯಾಸ್ ಯಾವುದೆಂದು ಪಕ್ಕದ ಸೀಟಿನವರಿಗೆ ತಿಳಿಯುವುದಿಲ್ಲ.

ಆದರೆ ಬದಲಾಯಿಸುವುದೆಂದರೆ ಹಳೇ ಗ್ಯಾಸ್ ತೆಗೆದು ಹೊಸದು ತುಂಬುವುದಷ್ಟೇ ಅಲ್ಲ. ಆರ್-12 ಜೊತೆ ಬಂದ ಮಿನರಲ್ ಆಯಿಲ್ ಆರ್-134ಎಯಲ್ಲಿ ಬೆರೆಯುವುದಿಲ್ಲ. ಅದು ಕಾಯಿಲ್ಲಿನಲ್ಲೇ ನಿಂತುಬಿಡುತ್ತದೆ, ಕಂಪ್ರೆಸರ್ ಒಣಗಿ ಕಚ್ಚಿಕೊಳ್ಳುತ್ತದೆ. ಕಂಪ್ರೆಸರನ್ನು ಬಿಚ್ಚಿ ಬಾಯಿ ಕೆಳಗೆ ಮಾಡಿ, ಕೈಯಿಂದ ತಿರುಗಿಸುತ್ತಾ ಆಯಿಲನ್ನು ಅಳತೆ ಲೋಟಕ್ಕೆ ಬಸಿಯಿರಿ. ಬೆಳ್ಳಿ ಬಣ್ಣದ ಪುಡಿ ಕಂಡರೆ ಒಳಗೆ ಸವೆದಿದೆ, ಖರ್ಚು ಅಲ್ಲಿಗೇ ನಿಲ್ಲಿಸಿ ಬೇರೆ ಕಂಪ್ರೆಸರ್ ಹುಡುಕಿ. ಆಯಿಲ್ ಶುಭ್ರವಾಗಿದ್ದರೆ ಕಂಪ್ರೆಸರ್ ತಯಾರಕರು ಹೇಳಿದ ಪ್ರಮಾಣದಲ್ಲಿ ಎಸ್ಟರ್ ಆಯಿಲ್ ಹಾಕಿ. ಹೊಸ ಕಾರುಗಳ ಪಿಎಜಿ ಆಯಿಲಿಗಿಂತ ಇಂಥ ಬದಲಾವಣೆಗೆ ಎಸ್ಟರ್ ವಾಸಿ. ಅಲ್ಲಿಷ್ಟು ಇಲ್ಲಿಷ್ಟು ಉಳಿದ ಮಿನರಲ್ ಆಯಿಲನ್ನು ಅದು ಸಹಿಸುತ್ತದೆ. ಶಾಫ್ಟ್ ಸೀಲ್ ಬದಲಿಸುವುದಿದ್ದರೆ ಕಂಪ್ರೆಸರ್ ಟೇಬಲ್ ಮೇಲಿರುವಾಗಲೇ ಮುಗಿಸಿ. ಹೊಸ ಸೀಲಿಗೆ ಅದೇ ಆಯಿಲ್ ಸವರಿ ಕೂರಿಸಿ.

ಕಂಡೆನ್ಸರ್ (ರೇಡಿಯೇಟರ್ ಮುಂದಿನ ಎಸಿ ಜಾಲ), ಕಾಯಿಲ್, ಪೈಪುಗಳನ್ನು ಫ್ಲಶ್ ಮಾಡಿ, ಅಂದರೆ ದ್ರವ ಹಾಯಿಸಿ ತೊಳೆದು, ನೈಟ್ರೋಜನ್ ಊದಿ ಒಣಗಿಸಿ. ಕಂಪ್ರೆಸರ್, ಕಾಯಿಲ್ಲಿಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಶನ್ ವಾಲ್ವ್, ತೇವ ಹೀರುವ ಡ್ರೈಯರ್ ಈ ಮೂರಕ್ಕೆ ಫ್ಲಶ್ ದ್ರವ ಹೋಗಬಾರದು. ಡ್ರೈಯರ್ ಬಾಟಲ್ ಹೊಸದೇ ಆಗಬೇಕು, ಆರ್-134ಎಗೆ ಹೊಂದುವಂಥದ್ದು. ಅದರ ಮುಚ್ಚಳವನ್ನು ಪೈಪು ಜೋಡಿಸುವ ಗಳಿಗೆಯವರೆಗೆ ತೆಗೆಯಬೇಡಿ. ಬೆಳಿಗ್ಗೆ ತೆರೆದಿಟ್ಟು ಊಟ ಮುಗಿಸಿ ಬಂದು ಕೂರಿಸಿದರೆ ಅದು ಆಗಲೇ ಗಾಳಿಯ ತೇವ ಹೀರಿ ಕೂತಿರುತ್ತದೆ. ಓ-ರಿಂಗ್‌ಗಳೆಲ್ಲ ಹಸಿರು ಬಣ್ಣದ ಎಚ್‌ಎನ್‌ಬಿಆರ್ ರಬ್ಬರಿನವು ಆಗಿರಲಿ. ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ ಹಳೇ ತುದಿಗಳನ್ನೇ ಉಳಿಸಿ ಒಳಪದರವಿರುವ ಬ್ಯಾರಿಯರ್ ಪೈಪು ಒತ್ತಿಸಿಕೊಳ್ಳಿ.

ತೂಕದಲ್ಲೇ ಹೆಚ್ಚಿನವರು ಎಡವುವುದು. ಆರ್-134ಎ ಹಳೆಯ ಅಳತೆಯ 80ರಿಂದ 85 ಶೇಕಡಾ ಸಾಕು. ಕಾರಿನ ಎಸಿ ಚೀಟಿಯಲ್ಲಿ ಆರ್-12 ಒಂದು ಕಿಲೋ ಎಂದಿದ್ದರೆ 800ರಿಂದ 850 ಗ್ರಾಂ. ಅಂಗಡಿಯ ಡಬ್ಬಿ 450 ಗ್ರಾಮಿನದು. ‘ಎರಡು ಡಬ್ಬಿ ಹಾಕಿದೆ’ ಎಂದರೆ 900 ಆಯಿತು, ಅಂದರೆ ಜಾಸ್ತಿ. ಡಬ್ಬಿಯನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟೇ ತುಂಬಿಸಿ. ಎಂಜಿನ್ ಓಡುತ್ತಿರುವಾಗ ಕಡಿಮೆ ಒತ್ತಡದ ಕಡೆಯಿಂದ ಮಾತ್ರ, ಡಬ್ಬಿ ನೆಟ್ಟಗಿರಲಿ. ತಲೆಕೆಳಗು ಮಾಡಿದರೆ ದ್ರವ ಹೋಗಿ ಕಂಪ್ರೆಸರಿನ ವಾಲ್ವ್ ಮುರಿಯುತ್ತದೆ. 35 ಡಿಗ್ರಿ ಬಿಸಿಲಲ್ಲಿ ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿದ್ದಾಗ ಕಡಿಮೆ ಒತ್ತಡದ ಕಡೆ 28ರಿಂದ 35, ಹೆಚ್ಚು ಒತ್ತಡದ ಕಡೆ 210ರಿಂದ 240 ಪಿಎಸ್‌ಐ ತೋರಿಸಿದರೆ ಸರಿಯಾಗಿದೆ. ಡ್ರೈಯರ್ ಮೇಲಿನ ಗಾಜಿನಲ್ಲಿ ಗುಳ್ಳೆ ಹೋಗುವವರೆಗೆ ತುಂಬುವುದು ಆರ್-12 ಕಾಲದ ಪದ್ಧತಿ. ಆರ್-134ಎಗೆ ಹಾಗೆ ಮಾಡಿದರೆ ಅಗತ್ಯಕ್ಕಿಂತ ಹೆಚ್ಚೇ ತುಂಬಿರುತ್ತದೆ.

ಗ್ಯಾಸ್ ತುಂಬುವ ಮೊದಲು ಪಂಪಿನಿಂದ ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಹಾಕುವಾಗ ಮೀಟರ್ 27.5 ಇಂಚಿನ ಮೇಲೆ ಏರುತ್ತಿಲ್ಲ. ಪುಸ್ತಕದಲ್ಲಿ 29 ಎಂದಿದೆ. ಪಂಪು ಕೆಟ್ಟಿದೆಯೇ?
ಚಿತ್ರದುರ್ಗ

ಪಂಪು ಚೆನ್ನಾಗಿದೆ, ನೀವು ಎತ್ತರದಲ್ಲಿದ್ದೀರಿ. ಪುಸ್ತಕದ ಲೆಕ್ಕ ಸಮುದ್ರ ಮಟ್ಟದ್ದು, ಅಲ್ಲಿ ಪೂರ್ತಿ ವ್ಯಾಕ್ಯೂಮ್ ಎಂದರೆ ಸುಮಾರು 29.9 ಇಂಚು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ದುರ್ಗ ಸುಮಾರು 730 ಮೀಟರ್, ಅಂದರೆ 2400 ಅಡಿ ಎತ್ತರದಲ್ಲಿದೆ. ಅಲ್ಲಿ ಸಿಗುವುದೇ 27.5ರ ಆಸುಪಾಸು. ದಾವಣಗೆರೆಯಲ್ಲಿ 28ರ ಹತ್ತಿರ ಬರುತ್ತದೆ. ಮುಖ್ಯವಾದದ್ದು ಸಮಯ. ಒಳಗಿನ ತೇವ ಆವಿಯಾಗಿ ಹೊರಬರಬೇಕು, ಅದಕ್ಕೆ 45 ನಿಮಿಷ ಕೊಡಿ. ಆಮೇಲೆ ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಮುಳ್ಳು ಕದಲಿದರೆ ಲೀಕ್ ಇನ್ನೂ ಇದೆ ಅಥವಾ ತೇವ ಉಳಿದಿದೆ, ಗ್ಯಾಸ್ ತುಂಬುವ ಪ್ರಶ್ನೆಯೇ ಇಲ್ಲ.

ಪ್ರೀಮಿಯರ್ 118 ಎನ್‌ಇ. ಹೈವೇಯಲ್ಲಿ ಎಸಿ ತಣ್ಣಗೆ. ದಾವಣಗೆರೆ ಪೇಟೆಯೊಳಗೆ ಬಂದರೆ ಬಿಸಿ, ಜೊತೆಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಮೇಲಕ್ಕೆ.
ಹರಿಹರ

ಕಾರು ಓಡುವಾಗ ಸಿಗುವ ಗಾಳಿ ನಿಂತಾಗ ಸಿಗುತ್ತಿಲ್ಲ ಎಂದರ್ಥ. ಎಸಿ ಹಾಕಿ, ಗ್ರಿಲ್ಲಿಗೆ ಒಂದು ಹಾಳೆ ಹಿಡಿಯಿರಿ. ಫ್ಯಾನು ಹಾಳೆಯನ್ನು ಎಳೆದು ಅಂಟಿಸಿಕೊಳ್ಳಬೇಕು. ಹಾಳೆ ಹೊರಕ್ಕೆ ಹಾರಿದರೆ ಯಾರೋ ಫ್ಯಾನಿನ ವೈರು ತಿರುಗಾಮುರುಗಾ ಕೊಟ್ಟಿದ್ದಾರೆ. ಇದು ತಮಾಷೆಯಲ್ಲ, ಮೋಟಾರು ಬದಲಿಸಿದ ಕಾರುಗಳಲ್ಲಿ ಆಗಾಗ ಕಾಣುವ ತಪ್ಪು.

ಫ್ಯಾನು ಸರಿಯಿದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಅಕ್ಕಿ ಗಿರಣಿ, ಹತ್ತಿ ಗಿರಣಿ, ಮಂಡಕ್ಕಿ ಭಟ್ಟಿಗಳ ದಾರಿಯಲ್ಲಿ ಓಡಾಡುವ ಕಾರುಗಳಲ್ಲಿ ಹೊಟ್ಟು, ಹತ್ತಿ ನಾರು, ಮಸಿ ಸೇರಿ ಅಲ್ಲೊಂದು ಕಂಬಳಿಯೇ ನೇಯ್ದಿರುತ್ತದೆ. ಎದುರಿನಿಂದ ನೀರು ಹೊಡೆದರೆ ಅದು ಇನ್ನಷ್ಟು ಒಳಗೆ ಗಟ್ಟಿಯಾಗುತ್ತದೆ. ರೇಡಿಯೇಟರ್ ಸಡಿಲಿಸಿ ಹಿಂದಕ್ಕೆ ಬಾಗಿಸಿ, ಒಳಗಿನಿಂದ ಹೊರಕ್ಕೆ ತೋಟದ ಪೈಪಿನ ನೀರು ಬಿಡಿ. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ವಾಷ್ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಅಂಚುಗಳ ಸಂದಿಗೆ ಫೋಮ್ ಪಟ್ಟಿ ಅಂಟಿಸಿದರೆ ಫ್ಯಾನು ಎಳೆಯುವ ಗಾಳಿ ಪಕ್ಕಕ್ಕೆ ಜಾರುವುದಿಲ್ಲ.

ಮೊದಲ ಅರ್ಧ ಗಂಟೆ ಹಿತವಾಗಿ ತಂಪು. ಆಮೇಲೆ ಗಾಳಿಯೇ ಕಡಿಮೆಯಾಗುತ್ತದೆ. ಹತ್ತು ನಿಮಿಷ ಆಫ್ ಮಾಡಿದರೆ ಮತ್ತೆ ಸರಿ.
ಹಿರಿಯೂರು

ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಥರ್ಮೋಸ್ಟಾಟಿನಿಂದ ಹೊರಟ ತೆಳು ತಾಮ್ರದ ನಳಿಕೆಯ ತುದಿ ಕಾಯಿಲ್ಲಿನ ರೆಕ್ಕೆಗಳ ನಡುವೆ ಬಿಗಿಯಾಗಿ ಕೂತಿರಬೇಕು. ಕಾಯಿಲ್ ತೊಳೆದಾಗ ಅದು ಕಳಚಿ ಹೊರಗೆ ನೇತಾಡುತ್ತಿದ್ದರೆ ಕಾಯಿಲ್ ಸೊನ್ನೆ ಡಿಗ್ರಿಗೆ ಇಳಿದರೂ ಕ್ಲಚ್ ಬಿಡುವುದಿಲ್ಲ. ನಳಿಕೆಯನ್ನು ಮಡಚದೆ ಮತ್ತೆ ಒಳಗೆ ತೂರಿಸಿ. ಆಮೇಲೂ ಕ್ಲಚ್ ಕಟ್ ಆಗದಿದ್ದರೆ ಥರ್ಮೋಸ್ಟಾಟ್ ಬದಲಿಸಿ. ಕಾಲಡಿಯ ಕಾರ್ಪೆಟ್ ನೆನೆಯುತ್ತಿದ್ದರೆ ಮಾತ್ರ ಅದು ಬೇರೆ ಕಥೆ, ನೀರು ಹೊರಹೋಗುವ ಪೈಪು ಕಟ್ಟಿದೆ, ಕೆಳಗಿನಿಂದ ಗಾಳಿ ಊದಿಸಿ.

ಆರ್-22 ಅಥವಾ ಅಡುಗೆ ಗ್ಯಾಸ್ ಹಾಕಿದರೂ ಕೂಲಿಂಗ್ ಬರುತ್ತದಂತೆ, ನಿಜವೇ?
ಜಗಳೂರು

ಬರುತ್ತದೆ, ಅದೇ ಅಪಾಯ. ಆರ್-22 ಹಿಂದಿನ ಕಾಲದ ಮನೆ ಎಸಿಯದ್ದು, ಅದರ ಒತ್ತಡಕ್ಕೆ ಹಳೇ ಕಾರಿನ ಪೈಪು ಮಾಡಿದ್ದಲ್ಲ. ಅಡುಗೆ ಗ್ಯಾಸ್ ಕಾಯಿಲ್ಲಿನಲ್ಲಿ ಸೋರಿದರೆ ಬ್ಲೋವರ್ ಅದನ್ನು ನೇರ ಕಾರಿನೊಳಗೇ ತುಂಬುತ್ತದೆ. ಹೀಗೆ ತುಂಬಿದ ಕಾರು ಕೊಂಡಿದ್ದರೆ ಮುಂದಿನ ಮೆಕ್ಯಾನಿಕ್‌ಗೆ ಮೊದಲೇ ಹೇಳಿ.

ಮಳೆಗಾಲದಲ್ಲಿ ಕಾರು ನಾಲ್ಕು ತಿಂಗಳು ಶೆಡ್ಡಿನಲ್ಲೇ ಇರುತ್ತದೆ. ಎಸಿಗೆ ಏನಾದರೂ ಮಾಡಬೇಕೇ?
ಚಳ್ಳಕೆರೆ

ವಾರಕ್ಕೊಮ್ಮೆ ಶೆಡ್ಡಿನ ಹೊರಗೆ ತಂದು ಎಂಜಿನ್ ಶುರು ಮಾಡಿ ಹತ್ತು ನಿಮಿಷ ಎಸಿ ಓಡಿಸಿ. ಗ್ಯಾಸಿನೊಂದಿಗೆ ಸುತ್ತುವ ಆಯಿಲೇ ಶಾಫ್ಟ್ ಸೀಲನ್ನು ಒದ್ದೆಯಾಗಿಡುತ್ತದೆ. ಎಂಜಿನ್ ನಿಲ್ಲಿಸುವುದಕ್ಕೆ ಎರಡು ನಿಮಿಷ ಮೊದಲು ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಜೋರಾಗಿ ಬಿಡಿ, ಕಾಯಿಲ್ ಒಣಗುತ್ತದೆ, ಮುಗ್ಗಲು ವಾಸನೆ ಬರುವುದಿಲ್ಲ. ಇಲಿಗಳಿದ್ದರೆ ಗಾಳಿ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ.