ಓದುಗರ ಪ್ರಶ್ನೆ: ಉತ್ತೇಜಕ ಮಾದಕದ್ರವ್ಯಗಳೂ ಕರುಳಿನ ಬ್ಯಾಕ್ಟೀರಿಯಾಗಳೂ

ಪ್ರಶ್ನೆ: ನನ್ನ ತಮ್ಮ ಎರಡು ವರ್ಷ ಕೊಕೇನ್ ಸೇವಿಸುತ್ತಿದ್ದು, ಈಗ ಚಿಕಿತ್ಸೆ ಪಡೆಯುತ್ತಿದ್ದಾನೆ. ಹೊಟ್ಟೆನೋವು ಮತ್ತು ಭೇದಿ ಮಾತ್ರ ಇನ್ನೂ ಪೂರ್ತಿ ನಿಂತಿಲ್ಲ. ಮಾದಕದ್ರವ್ಯವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಓದಿದೆ. ಮೂಗಿನಿಂದ ಸೇದುವ ಪುಡಿಗೂ ಕರುಳಿಗೂ ಏನು ಸಂಬಂಧ?

ಉತ್ತರ: ‘ಕೊಲ್ಲುತ್ತದೆ’ ಎಂಬ ಮಾತು ಇಲ್ಲಿ ಅಷ್ಟಾಗಿ ಒಪ್ಪುವುದಿಲ್ಲ. ಆಂಟಿಬಯೋಟಿಕ್ ಔಷಧಗಳು ಬ್ಯಾಕ್ಟೀರಿಯಾಗಳ ಮೇಲೆ ನೇರವಾಗಿ ಎರಗುತ್ತವೆ. ಕೊಕೇನ್, ಆಂಫೆಟಮೈನ್, ಮೆಥಾಂಫೆಟಮೈನ್‌ಗಳಂಥ ಉತ್ತೇಜಕ ದ್ರವ್ಯಗಳಾದರೋ ಮುಖ್ಯವಾಗಿ ಬ್ಯಾಕ್ಟೀರಿಯಾಗಳು ವಾಸಿಸುವ ಮನೆಯನ್ನು ಕೆಡಿಸುತ್ತವೆ. ಮೂಗಿನಿಂದ ಹೋದರೂ, ಹೊಗೆಯಾಗಿ ಹೋದರೂ, ಸೂಜಿಯಿಂದ ಹೋದರೂ ಈ ದ್ರವ್ಯಗಳು ರಕ್ತದಲ್ಲಿ ಬೆರೆತು ಇಡೀ ದೇಹವನ್ನು ಸುತ್ತುತ್ತವೆ. ಮಿದುಳಿನಲ್ಲಿ ಡೋಪಮೈನನ್ನು ಹೆಚ್ಚಿಸಿ ಸುಖದ ಅನುಭವ ಕೊಡುವ ಅದೇ ದ್ರವ್ಯಗಳು ದೇಹದೆಲ್ಲೆಡೆ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಪ್ರಭಾವವನ್ನೂ ಏರಿಸುತ್ತವೆ. ಅದರಿಂದ ರಕ್ತನಾಳಗಳು ಸಂಕುಚಿತಗೊಂಡು, ಕರುಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ.

ರಕ್ತ ಸಾಲದಾದಾಗ ಮೊದಲು ನಲುಗುವುದು ಕರುಳಿನ ಒಳಪದರ. ಆ ಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ಮೇಲೆ ಲೋಳೆಯ ಹೊದಿಕೆ ಹೊದ್ದುಕೊಂಡು, ಬ್ಯಾಕ್ಟೀರಿಯಾಗಳನ್ನು ಆಚೆಯೇ ತಡೆದಿಡುತ್ತವೆ. ಕೊಕೇನ್ ಕೊಟ್ಟ ಇಲಿಗಳಲ್ಲಿ ಈ ಬೆಸುಗೆ ಸಡಿಲವಾಗಿ, ಉರಿಯೂತ ಹೆಚ್ಚಿ, ಬ್ಯಾಕ್ಟೀರಿಯಾ ಸಮುದಾಯದ ಸ್ವರೂಪವೇ ಬದಲಾದದ್ದು ಕಂಡುಬಂದಿದೆ. ಇದರ ಜೊತೆಗೆ ವ್ಯಸನಿಯ ದಿನಚರಿಯೂ ಸೇರಿಕೊಳ್ಳುತ್ತದೆ: ಹಸಿವು ಸತ್ತಿರುತ್ತದೆ, ನಿದ್ರೆ ಇರುವುದಿಲ್ಲ, ತಿಂದರೂ ನಾರಿನಂಶ ಅಲ್ಪ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ನಾರು ಸಿಗದಿದ್ದರೆ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ, ಕರುಳಿನ ಗೋಡೆಯೂ ಸೊರಗುತ್ತದೆ.

ನಿಮ್ಮ ತಮ್ಮನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲವನ್ನೂ ಬ್ಯಾಕ್ಟೀರಿಯಾಗಳ ತಲೆಗೆ ಕಟ್ಟಬೇಡಿ. ಕೊಕೇನ್‌ನಿಂದ ರಕ್ತಪೂರೈಕೆ ತೀರಾ ಕುಂದಿದರೆ ಕರುಳಿನ ಒಂದು ಭಾಗವೇ ಕೊಳೆಯಬಹುದು. ತಡೆಯಲಾಗದ ಹೊಟ್ಟೆನೋವು ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ; ಕೊಕೇನ್ ಸೇವನೆಯ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬೇಡಿ. ನಾಚಿಕೆಯಿಂದ ಮುಚ್ಚಿಟ್ಟರೆ ವೈದ್ಯರು ಬೇರೆಯೇ ಕಾಯಿಲೆಯನ್ನು ಹುಡುಕುತ್ತ ಕೂರುವಂತಾಗುತ್ತದೆ.

ಪ್ರಶ್ನೆ: ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪ್ರೊಬಯಾಟಿಕ್ ಮಾತ್ರೆಗಳಿಂದ ಮಾದಕದ್ರವ್ಯದ ತುಡಿತವನ್ನೇ ತಗ್ಗಿಸಬಹುದೇ?

ಉತ್ತರ: ಈ ಆಸೆ ತೀರಾ ಬುಡವಿಲ್ಲದ್ದಲ್ಲ, ಆದರೆ ಅದು ವಿಜ್ಞಾನಕ್ಕಿಂತ ಬಹಳ ಮುಂದೆ ಓಡುತ್ತಿದೆ. ಕರುಳು ಮತ್ತು ಮಿದುಳಿನ ನಡುವಿನ ಸಂದೇಶ ಎರಡೂ ದಿಕ್ಕಿಗೆ ಹರಿಯುತ್ತದೆ ಎಂಬುದಂತೂ ನಿಜ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಂಟಿಬಯೋಟಿಕ್‌ಗಳಿಂದ ಕರುಳಿನ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ತೊಡೆದುಹಾಕಿದ್ದ ಇಲಿಗಳು, ಕೊಕೇನ್‌ನ ಕಡಿಮೆ ಪ್ರಮಾಣಕ್ಕೂ ಉಳಿದ ಇಲಿಗಳಿಗಿಂತ ಹೆಚ್ಚು ಸೆಳೆತ ತೋರಿದವು. ಮೇಲೆ ಹೇಳಿದ ಕಿರು ಕೊಬ್ಬಿನಾಮ್ಲಗಳನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟಾಗ ಆ ಹೆಚ್ಚುವರಿ ಸೆಳೆತ ಇಳಿಯಿತು.

2022ರ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತಲೂ ಕುತೂಹಲಕರವಾಗಿ ಕಾಣುತ್ತದೆ. ಕೊಕೇನ್‌ನಿಂದ ಇಲಿಗಳ ಕರುಳಿನಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಾದಾಗ, ಪ್ರೊಟಿಯೊಬ್ಯಾಕ್ಟೀರಿಯಾ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಗ್ರಹಿಸಿ, ಇದೇ ತಕ್ಕ ಸಮಯವೆಂಬಂತೆ ಕರುಳಿನಲ್ಲಿ ನೆಲೆಯೂರಿದವು. ಹೀಗೆ ಬೆಳೆದ ಬ್ಯಾಕ್ಟೀರಿಯಾಗಳು ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ತಿಂದು ಖಾಲಿಮಾಡಿದವು. ಗ್ಲೈಸಿನ್ ಮಿದುಳಿನ ಸಂದೇಶವಹನಕ್ಕೂ ಬೇಕಾದ ವಸ್ತುವಾದ್ದರಿಂದ, ಅದರ ಕೊರತೆಯಾದ ಇಲಿಗಳಲ್ಲಿ ಕೊಕೇನ್‌ನ ಪರಿಣಾಮ ತೀವ್ರವಾಯಿತು. ಗ್ಲೈಸಿನ್ ಮರಳಿ ಕೊಟ್ಟಾಗ ಆ ತೀವ್ರತೆ ತಗ್ಗಿತು. ಗ್ಲೈಸಿನ್ ಹೀರಿಕೊಳ್ಳಲಾಗದಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳನ್ನು ಇಲಿಗಳ ಕರುಳಿಗೆ ಸೇರಿಸಿದಾಗ ಅಂಥ ಪರಿಣಾಮವೇ ಕಾಣಲಿಲ್ಲ. ಅಂದರೆ ದ್ರವ್ಯವು ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತದೆ, ಬ್ಯಾಕ್ಟೀರಿಯಾಗಳು ದ್ರವ್ಯದ ಬಲ ಹೆಚ್ಚಿಸುತ್ತವೆ.

ಆದರೆ ಇವೆಲ್ಲ ಪಂಜರದೊಳಗಿನ ಇಲಿಗಳ ಕಥೆ. ಅಲ್ಲಿ ಆಹಾರ, ನಿದ್ರೆ, ದ್ರವ್ಯದ ಪ್ರಮಾಣ ಎಲ್ಲವೂ ಸಂಶೋಧಕರ ಕೈಯಲ್ಲಿರುತ್ತವೆ. ಮನುಷ್ಯರಲ್ಲಿ ಕೊಕೇನ್ ಸೇವಿಸುವವರು ಸಾಮಾನ್ಯವಾಗಿ ತಂಬಾಕನ್ನೂ ಮದ್ಯವನ್ನೂ ಬಳಸುತ್ತಾರೆ. ಇವೆರಡೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುವಂಥವೇ ಆದ್ದರಿಂದ, ಯಾವ ಬದಲಾವಣೆ ಯಾವುದರಿಂದ ಬಂತೆಂದು ಬಿಡಿಸುವುದು ಸುಲಭವಲ್ಲ. ಸದ್ಯಕ್ಕೆ ಉತ್ತೇಜಕಗಳ ವ್ಯಸನಕ್ಕೆ ಹೆಚ್ಚು ಆಧಾರವಿರುವ ಚಿಕಿತ್ಸೆ ಎಂದರೆ ಆಪ್ತಸಮಾಲೋಚನೆ ಮತ್ತು ವರ್ತನಾ ಚಿಕಿತ್ಸೆ. ಅದರಲ್ಲೂ ಪ್ರತಿ ಬಾರಿ ಮೂತ್ರಪರೀಕ್ಷೆಯಲ್ಲಿ ದ್ರವ್ಯ ಕಾಣದಿದ್ದಾಗ ಸಣ್ಣ ಬಹುಮಾನ ಕೊಡುವ ಪದ್ಧತಿ ಒಳ್ಳೆಯ ಫಲ ನೀಡಿದೆ. ಆ ಚಿಕಿತ್ಸೆಯನ್ನು ಬಿಟ್ಟು ಪ್ರೊಬಯಾಟಿಕ್ ಮಾತ್ರೆಗಳನ್ನು ನೆಚ್ಚಬೇಡಿ. ದೇಹಶಕ್ತಿ ತೀರಾ ಕುಗ್ಗಿದವರು ವೈದ್ಯರನ್ನು ಕೇಳದೆ ಜೀವಂತ ಬ್ಯಾಕ್ಟೀರಿಯಾಗಳಿರುವ ಅಂಥ ಮಾತ್ರೆಗಳನ್ನು ತೆಗೆದುಕೊಳ್ಳುವುದೂ ಕ್ಷೇಮವಲ್ಲ.

ಪ್ರಶ್ನೆ: ಮಲಪರೀಕ್ಷೆಯಿಂದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿಕೊಡುವ ಪ್ರಯೋಗಾಲಯಗಳಿವೆ. ಮಾಡಿಸಬಹುದೇ?

ಉತ್ತರ: ಹಣ ಉಳಿಸಿಕೊಳ್ಳಿ. ಆರೋಗ್ಯವಂತರಲ್ಲೂ ಈ ಪಟ್ಟಿ ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಾಗಿರುತ್ತದೆ, ಮತ್ತು ‘ಇದು ಸರಿಯಾದ ಪಟ್ಟಿ’ ಎಂದು ಒಪ್ಪಿತವಾದ ಅಳತೆಗೋಲಿಲ್ಲ. ಭೇದಿ ನಿಲ್ಲದಿದ್ದರೆ ಮಲದಲ್ಲಿ ರಕ್ತ, ಸೋಂಕು ಅಥವಾ ಉರಿಯೂತದ ಗುರುತುಗಳಿವೆಯೇ ಎಂದು ನೋಡುವ ಸಾಮಾನ್ಯ ಪರೀಕ್ಷೆಯನ್ನು ವೈದ್ಯರ ಸಲಹೆಯಂತೆ ಮಾಡಿಸಿ.