ಪ್ರಬಂಧಗಳನ್ನು ಎಣಿಸಬೇಡಿ, ತೆರೆದು ಓದಿ

ಪ್ರಶ್ನೆ: ತಾಯಿಗೆ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ. ಇಬ್ಬರು ಶ್ವಾಸಕೋಶ ತಜ್ಞರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಒಬ್ಬರ ಹೆಸರಿನಲ್ಲಿ 300ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳಿವೆ, ಎಚ್-ಇಂಡೆಕ್ಸ್ 45. ಇನ್ನೊಬ್ಬರದು ನಾಲ್ಕೇ ಪ್ರಬಂಧ. ಮೊದಲನೆಯವರೇ ಮೇಲಲ್ಲವೇ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಬೇಸರವಾಗುತ್ತದೆ, ಏಕೆಂದರೆ ಈ ಎಣಿಕೆಯ ಚಾಳಿಯನ್ನು ಹಚ್ಚಿದವರು ನಮ್ಮ ವೈದ್ಯಕೀಯ ಕ್ಷೇತ್ರದವರೇ. ಬಡ್ತಿಗೂ ಎಣಿಕೆ, ಅನುದಾನಕ್ಕೂ ಎಣಿಕೆ. ಈಗ ರೋಗಿಯ ಮನೆಯವರೂ ಎಣಿಸತೊಡಗಿದ್ದಾರೆ.

ಶ್ವಾಸಕೋಶ ಚಿಕಿತ್ಸೆಯ ದಾರಿ ಬದಲಿಸಿದ ಎರಡು ಪ್ರಬಂಧಗಳನ್ನು ನೋಡಿ. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗವನ್ನು ಪ್ರಕಟಿಸಿತು. ಯಾರಿಗೆ ಔಷಧಿ, ಯಾರಿಗೆ ವಿಶ್ರಾಂತಿ ಮಾತ್ರ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ನಿರ್ಧರಿಸಿ ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4, ಪಡೆಯದ 52 ಮಂದಿಯಲ್ಲಿ 14 ಜನ ತೀರಿಕೊಂಡರು. 2000ದಲ್ಲಿ ಅಮೆರಿಕದ ಸಂಶೋಧನಾ ಜಾಲವೊಂದು, ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ 861 ರೋಗಿಗಳಲ್ಲಿ ವೆಂಟಿಲೇಟರ್ ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕೆಂದು ಪರೀಕ್ಷಿಸಿದ ಪ್ರಯೋಗವನ್ನು ಪ್ರಕಟಿಸಿತು. ಕಿಲೋ ತೂಕಕ್ಕೆ 12 ಮಿಲಿಲೀಟರ್ ಬದಲು 6 ಕೊಟ್ಟಾಗ ಸಾವು ಶೇ 40ರ ಆಸುಪಾಸಿನಿಂದ ಶೇ 31ಕ್ಕೆ ಇಳಿಯಿತು. ಈ ಎರಡು ಪ್ರಬಂಧಗಳ ಶೀರ್ಷಿಕೆಯ ಕೆಳಗೆ ಲೇಖಕರೆಂದು ಇರುವುದು ಸಮಿತಿ ಮತ್ತು ಜಾಲದ ಹೆಸರು. ಅದಕ್ಕಾಗಿ ವರ್ಷಗಟ್ಟಲೆ ದುಡಿದ ಎಷ್ಟೋ ವೈದ್ಯರು ನಿಮ್ಮ ಎಣಿಕೆಗೆ ಸಿಗುವುದೇ ಇಲ್ಲ.

300ರೊಳಗೆ ಏನಿದೆ ಎಂದು ನೋಡಿದ್ದೀರಾ? ಒಂದೇ ಅಧ್ಯಯನವನ್ನು ಐದು ಹೋಳು ಮಾಡಿದ್ದಿರಬಹುದು, ಒಬ್ಬ ರೋಗಿಯ ವರದಿ ಇರಬಹುದು, ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಸೇರಿದ ಹೆಸರಿರಬಹುದು. ನಾನು ಒಬ್ಬ ರೋಗಿಯನ್ನೂ ನೋಡಿರದ ಅಧ್ಯಯನಕ್ಕೆ ನನ್ನ ಹೆಸರು ಸೇರಿಸಲು ಹೊರಟಿದ್ದರು. ತೆಗೆಸಬೇಕಾದರೆ ಮೂರು ಪತ್ರ ಬರೆಯಬೇಕಾಯಿತು. ಎಚ್-ಇಂಡೆಕ್ಸ್ 45 ಎಂದರೆ, ಬೇರೆ ಪ್ರಬಂಧಗಳಲ್ಲಿ ಕನಿಷ್ಠ 45 ಸಲ ಉಲ್ಲೇಖಗೊಂಡ 45 ಪ್ರಬಂಧಗಳಿವೆ ಎಂದಷ್ಟೆ. ಒಪ್ಪಿ ಉಲ್ಲೇಖಿಸಿದರೋ ಅಲ್ಲಗಳೆಯಲು ಉಲ್ಲೇಖಿಸಿದರೋ, ಅದು ಹೇಳುವುದಿಲ್ಲ.

ಹಲವು ಪ್ರಬಂಧಗಳು ಒಂದೇ ಮಾತು ಹೇಳಿದರೂ ಅದು ತಪ್ಪಿರಬಹುದು ಎಂಬುದಕ್ಕೆ ನಿಮ್ಮ ತಾಯಿಯ ಕಾಯಿಲೆಯ ಸಂಶೋಧನೆಯಲ್ಲೇ ಉದಾಹರಣೆ ಇದೆ. ಸ್ಟೀರಾಯ್ಡ್ ಇನ್ಹೇಲರ್ ಬಳಸುವ ಸಿಒಪಿಡಿ ರೋಗಿಗಳಲ್ಲಿ ಸಾವು ಬಹಳ ಕಡಿಮೆ ಎಂದು ಹಳೆಯ ದಾಖಲೆ ಆಧಾರಿತ ಅಧ್ಯಯನಗಳು ಹೇಳಿದವು. ದೋಷವಿದ್ದದ್ದು ಲೆಕ್ಕದಲ್ಲಿ. ಆಸ್ಪತ್ರೆಯಿಂದ ಹೊರಬಂದ ಕೆಲವು ವಾರಗಳಲ್ಲಿ ಇನ್ಹೇಲರ್ ಪಡೆದವರನ್ನು ಮೊದಲ ದಿನದಿಂದಲೇ ಔಷಧಿಯ ಗುಂಪಿಗೆ ಸೇರಿಸಿದ್ದರು. ಔಷಧಿ ಪಡೆಯುವವರೆಗೆ ಬದುಕಿದ್ದವರು ಮಾತ್ರ ತಾನೇ ಆ ಗುಂಪಿಗೆ ಬರಲು ಸಾಧ್ಯ? ಅದಕ್ಕೆ ಮೊದಲೇ ತೀರಿಕೊಂಡವರೆಲ್ಲ ಎದುರು ಗುಂಪಿನ ಲೆಕ್ಕಕ್ಕೆ ಹೋದರು. 2007ರಲ್ಲಿ ಪ್ರಕಟವಾದ, 6,000ಕ್ಕೂ ಹೆಚ್ಚು ರೋಗಿಗಳ ಯಾದೃಚ್ಛಿಕ ಪ್ರಯೋಗದಲ್ಲಿ ಸ್ಟೀರಾಯ್ಡ್ ಒಂದನ್ನೇ ಕೊಟ್ಟಾಗ ಸಾವು ತಗ್ಗಲಿಲ್ಲ, ನ್ಯುಮೋನಿಯಾ ಹೆಚ್ಚಾಯಿತು. ಇದನ್ನು ಓದಿ ತಾಯಿಯ ಇನ್ಹೇಲರ್ ನಿಲ್ಲಿಸಿಬಿಡಬೇಡಿ! ಪದೇ ಪದೇ ಕಾಯಿಲೆ ಉಲ್ಬಣಿಸುವವರಿಗೆ ಬೇರೆ ಔಷಧಿಗಳ ಜೊತೆಯಲ್ಲಿ ಅದು ನೆರವಾಗುತ್ತದೆ. ನಿಮ್ಮ ತಾಯಿಗೆ ಬೇಕೇ ಬೇಡವೇ ಎಂಬುದನ್ನು ಪರೀಕ್ಷಿಸಿದ ವೈದ್ಯರು ಹೇಳಬೇಕು.

ಹಾಗಾದರೆ ಯಾರ ಬಳಿ ಹೋಗಬೇಕು? ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸದೆ ಸಿಒಪಿಡಿ ಎಂದು ಬರೆಯದವರ ಬಳಿಗೆ. "ಇನ್ಹೇಲರ್ ಹೇಗೆ ಎಳೆಯುತ್ತೀರಿ, ನನ್ನೆದುರು ತೋರಿಸಿ" ಎಂದು ಕೇಳುವವರ ಬಳಿಗೆ. ಅವರ ಪ್ರಬಂಧಗಳು ನಾಲ್ಕೇ ಇದ್ದರೂ ನನ್ನ ತಾಯಿಯನ್ನು ನಾನು ಅಲ್ಲಿಗೇ ಕರೆದೊಯ್ಯುತ್ತೇನೆ.

ಪ್ರಶ್ನೆ: ಅಸ್ತಮಾವನ್ನು ಬುಡಸಮೇತ ಕೀಳುವ ಔಷಧಿಯ ಬಗ್ಗೆ "ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಪ್ರಬಂಧ ಬಂದಿದೆ" ಎನ್ನುತ್ತಾರೆ.

ಉತ್ತರ: ಹಣ ಕಟ್ಟಿದರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಬೇಕಾದಷ್ಟಿವೆ. ಇದು ವಂಚನೆ. ಈ ಮಾತು ನಂಬಿ ಇನ್ಹೇಲರ್ ಬಿಟ್ಟವರು ಉಸಿರಿಗಾಗಿ ಒದ್ದಾಡುತ್ತಾ ತುರ್ತು ವಿಭಾಗಕ್ಕೆ ಬರುವುದನ್ನು ನೋಡಿ ನೋಡಿ ಸಾಕಾಗಿದೆ.

ಪ್ರಶ್ನೆ: ಪ್ರತಿಷ್ಠಿತ ಜರ್ನಲ್‌ನಲ್ಲಿ ಬಂದದ್ದನ್ನಾದರೂ ಕಣ್ಣುಮುಚ್ಚಿ ನಂಬಬಹುದೇ?

ಉತ್ತರ: ಇಲ್ಲ. ಮಲೇರಿಯಾದ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು 2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಬಂದ ಕೋವಿಡ್ ಪ್ರಬಂಧವನ್ನು ಜೂನ್ 4ಕ್ಕೆ ಹಿಂತೆಗೆದುಕೊಂಡರು. ಮೂಲ ದತ್ತಾಂಶವನ್ನು ಪರಿಶೀಲನೆಗೆ ಕೊಡಲು ಅದನ್ನು ಇಟ್ಟುಕೊಂಡಿದ್ದ ಕಂಪನಿ ಒಪ್ಪಲಿಲ್ಲ.

ಪ್ರಶ್ನೆ: ಪ್ರಬಂಧ ಹಿಂತೆಗೆದುಕೊಂಡವರೆಲ್ಲ ಮೋಸಗಾರರೇ?

ಉತ್ತರ: ಅಲ್ಲ. ತಮ್ಮ ಲೆಕ್ಕದ ತಪ್ಪನ್ನು ತಾವೇ ಕಂಡುಹಿಡಿದು ಹಿಂತೆಗೆದವರ ಮೇಲೆ ನನಗೆ ಗೌರವ ಹೆಚ್ಚು. ಹಿಂತೆಗೆತದ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಕಾರಣ ಬರೆದಿರುತ್ತಾರೆ. ಮೊದಲು ಅದನ್ನು ಓದಿ.